ಕೆಟ್ಟ ಸುದ್ದಿ ಬಂದಾಗ ವಿಶ್ವಾಸಿಯ ಕರ್ತವ್ಯ

ಪಾಠಭಾಗ: ಲೂಕನು 13:1–9. ಇದರೊಡನೆ ನೆಹೆಮೀಯನ ಗ್ರಂಥದ 1ನೇ ಅಧ್ಯಾಯವನ್ನೂ, ಲೂಕನು 9:51–56 ಮತ್ತು 10:25–37 ಎಂಬ ಭಾಗಗಳನ್ನೂ ಮನೆಯಲ್ಲಿ ಮುಂಚಿತವಾಗಿ ಓದಿಕೊಳ್ಳತಕ್ಕದ್ದು.



ನಮ್ಮ ಹಿರಿಯರ ಕಾಲದಲ್ಲಿ ದೂರದ ಊರಿನ ಸುದ್ದಿಯು ಸಂತೆಗೆ ಹೋಗಿ ಬಂದವರ ಬಾಯಿಂದಲೋ ಅಂಚೆಯವನ ಕೈಯಿಂದಲೋ ಬರುತ್ತಿತ್ತು. ವಾರಕ್ಕೊಮ್ಮೆ ಬಂದ ಸುದ್ದಿಯನ್ನು ಜನರು ಜಗಲಿಯ ಮೇಲೆ ಕೂತು ವಾರವೆಲ್ಲಾ ಮಾತಾಡಿಕೊಳ್ಳುತ್ತಿದ್ದರು. ಈಗಲಾದರೋ ಹೊಲದಲ್ಲಿ ಕಳೆ ಕೀಳುವವನ ಜೇಬಿನಲ್ಲಿಯೂ ಮೊಬೈಲು ಇರುವದು. ಬೆಳಗಿನ ಗಂಜಿ ಕುಡಿಯುವದಕ್ಕೆ ಮುಂಚೆಯೇ ಒಂದು ಕೊಲೆಯ ಸುದ್ದಿ, ಮಧ್ಯಾಹ್ನಕ್ಕೆ ಒಂದು ಯುದ್ಧದ ಸುದ್ದಿ, ದೀಪ ಹಚ್ಚುವ ಹೊತ್ತಿಗೆ ಎಲ್ಲಿಯೋ ಒಂದು ದೇವಾಲಯವನ್ನೋ ಮಸೀದಿಯನ್ನೋ ಗುಡಿಯನ್ನೋ ಸುಟ್ಟರೆಂಬ ಸುದ್ದಿ. ಸುದ್ದಿ ಮಾತ್ರವಲ್ಲ, ಸತ್ತವರ ಶರೀರಗಳ ಚಿತ್ರಗಳು ಸಹ ಮಕ್ಕಳ ಕಣ್ಣೆದುರಿಗೆ ಬಂದು ಬೀಳುತ್ತವೆ.

ಹೀಗೆ ಹಗಲಿರುಳು ಹಿಂಸೆಯ ಸುದ್ದಿಯನ್ನು ಕೇಳುವ ಮನಸ್ಸಿಗೆ ಮೂರು ರೋಗಗಳು ತಗಲುವದುಂಟು. ಮೊದಲನೆಯದು ದ್ವೇಷ: ಯಾರೋ ಮಾಡಿದ ಕೃತ್ಯಕ್ಕಾಗಿ ಅವರ ಜಾತಿಯನ್ನೂ ಮತವನ್ನೂ ಒಟ್ಟಾಗಿ ಹಗೆಮಾಡುವದು. ಎರಡನೆಯದು ಭಯ: ನೆರೆಹೊರೆಯವರಲ್ಲಿ ಪ್ರತಿಯೊಬ್ಬನನ್ನೂ ಸಂಶಯದಿಂದ ನೋಡುವದು. ಮೂರನೆಯದು ಜಡತ್ವ: ಕೇಳಿ ಕೇಳಿ ಮನಸ್ಸು ಮರಗಟ್ಟಿ, ಇದು ಎಲ್ಲೆಲ್ಲಿಯೂ ನಡೆಯುವದೇ ಎಂದು ಹೇಳಿ ಊಟಕ್ಕೆ ಏಳುವದು. ಈ ಮೂರು ರೋಗಗಳು ಅವಿಶ್ವಾಸಿಗಳಿಗೆ ಮಾತ್ರ ತಗಲುತ್ತವೆಂದು ನೆನಸಬೇಡಿರಿ. ಪ್ರತಿ ಭಾನುವಾರ ಕರ್ತನ ಪ್ರಾರ್ಥನೆಯನ್ನು ಹೇಳುವ ನಾಲಿಗೆಗೂ ಇವು ತಗಲಬಲ್ಲವು. ಇವುಗಳಿಗೆ ಔಷಧವು ದೇವರ ವಾಕ್ಯದಲ್ಲಿ ಏನಿರುವದೆಂದು ಈ ಪಾಠದಲ್ಲಿ ವಿಚಾರಿಸೋಣ.

1. ಕರ್ತನ ಬಳಿಗೆ ಬಂದ ಸುದ್ದಿ

ಒಂದು ದಿನ ಯೇಸುಸ್ವಾಮಿಯು ಜನರಿಗೆ ಉಪದೇಶಮಾಡುತ್ತಿರುವಾಗ ಕೆಲವರು ಬಂದು ಒಂದು ಭಯಂಕರವಾದ ವರ್ತಮಾನವನ್ನು ತಿಳಿಸಿದರು. ಗಲಿಲಾಯದ ಕೆಲವು ಮಂದಿ ಬಲಿಗಳನ್ನು ಅರ್ಪಿಸುತ್ತಿರುವಾಗಲೇ ದೇಶಾಧಿಪತಿಯಾದ ಪಿಲಾತನು ಅವರನ್ನು ಕೊಲ್ಲಿಸಿದನು. ಬಲಿಪಶುಗಳ ರಕ್ತದೊಂದಿಗೆ ಅವರ ರಕ್ತವೂ ಬೆರೆಯಿತು. ಯೇಸುವೂ ಗಲಿಲಾಯದಲ್ಲಿ ಬೆಳೆದವನು. ಸತ್ತವರು ಆತನ ಸೀಮೆಯವರು. ಕೊಂದವನು ಅನ್ಯದೇಶದ ಅಧಿಕಾರಿ. ಕೊಂದ ಸ್ಥಳವೋ ಆರಾಧನೆಯ ಸ್ಥಳ. ಒಬ್ಬ ಮನುಷ್ಯನ ಕೋಪವನ್ನು ಕೆರಳಿಸುವದಕ್ಕೆ ಬೇಕಾದದ್ದೆಲ್ಲವೂ ಆ ಒಂದು ಸುದ್ದಿಯಲ್ಲಿತ್ತು.

ಸುದ್ದಿ ತಂದವರು ಯಾವ ಉತ್ತರವನ್ನು ನಿರೀಕ್ಷಿಸಿದರು? ಪಿಲಾತನನ್ನು ಶಪಿಸಬೇಕೆಂದು ಕೆಲವರು ಎದುರುನೋಡಿದ್ದಾರು. ಸತ್ತವರು ಯಾವದೋ ಗುಪ್ತಪಾಪ ಮಾಡಿದ್ದರಿಂದಲೇ ಹೀಗಾಯಿತೆಂಬ ವಿಚಾರವು ಇನ್ನು ಕೆಲವರ ಮನಸ್ಸಿನಲ್ಲಿತ್ತೆಂಬದು ಕರ್ತನ ಉತ್ತರದಿಂದಲೇ ತಿಳಿಯುವದು. ಆತನು ಆ ವಿಚಾರವನ್ನು ಸ್ಪಷ್ಟವಾಗಿ ತಳ್ಳಿಹಾಕಿದನು: ಸತ್ತವರು ಮಿಕ್ಕ ಗಲಿಲಾಯದವರಿಗಿಂತ ಹೆಚ್ಚಿನ ಪಾಪಿಗಳಲ್ಲ. ಅಷ್ಟಕ್ಕೇ ನಿಲ್ಲದೆ, ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿಯ ಮಾತನ್ನು ತಾನೇ ಎತ್ತಿದನು. ಅವರು ಸತ್ತದ್ದು ಯೆರೂಸಲೇಮಿನಲ್ಲಿ. ಗಲಿಲಾಯದವರ ಸಾವಿನ ಸುದ್ದಿ ತಂದವರಿಗೆ ಯೆರೂಸಲೇಮಿನವರ ಸಾವನ್ನೂ ಆತನು ನೆನಪಿಗೆ ತಂದನು. ಒಂದು ಸಾವು ಅಧಿಕಾರಿಯ ಕ್ರೂರತ್ವದಿಂದ, ಇನ್ನೊಂದು ಕಲ್ಲುಗೋಡೆ ಕುಸಿದುದರಿಂದ. ಎರಡರಲ್ಲಿಯೂ ಸತ್ತವರ ಮೇಲೆ ತಪ್ಪು ಹೊರಿಸುವದನ್ನು ಆತನು ಒಪ್ಪಲಿಲ್ಲ.

ಬಳಿಕ ಆತನು ಮಾತನ್ನು ಕೇಳುವವರ ಕಡೆಗೆ ತಿರುಗಿಸಿ, ನೀವು ದೇವರ ಕಡೆಗೆ ತಿರುಗದಿದ್ದರೆ ನಿಮಗೂ ನಾಶವೇ ಎಂಬ ಅರ್ಥದಲ್ಲಿ ಎಚ್ಚರಿಸಿದನು. ಇದು ಸತ್ತವರ ಕುರಿತು ಕಠಿಣವಾದ ಮಾತಲ್ಲ, ಬದುಕಿರುವವರ ಕುರಿತು ಪ್ರೀತಿಯುಳ್ಳ ಮಾತು. ಸುದ್ದಿ ಕೇಳಿದವನು ತಪ್ಪು ಯಾರದೆಂಬ ಪ್ರಶ್ನೆಯಲ್ಲಿಯೇ ಮುಳುಗಿ ತನ್ನ ಹೃದಯದ ಸ್ಥಿತಿಯನ್ನು ಮರೆಯದಂತೆ ಕರ್ತನು ಅವನನ್ನು ತಡೆದು ನಿಲ್ಲಿಸುತ್ತಾನೆ. ಕೆಟ್ಟ ಸುದ್ದಿ ಬಂದಾಗ ವಿಶ್ವಾಸಿಯು ಕೇಳಬೇಕಾದ ಮೊದಲನೆಯ ಪ್ರಶ್ನೆ, ಇದು ಯಾರ ಪಾಪ ಎಂಬದಲ್ಲ. ಕರ್ತನೇ, ಇದನ್ನು ಕೇಳಿದ ನನ್ನಿಂದ ನೀನು ಏನು ಬಯಸುತ್ತೀ ಎಂಬದೇ. ಈ ಪಾಠದ ಸಾರವೆಲ್ಲಾ ಇದರಲ್ಲಿರುವದು.

2. ಸುದ್ದಿಯು ದ್ವೇಷವಾಗಿ ಮಾರ್ಪಟ್ಟಾಗ

ಈ ಪ್ರಶ್ನೆಯನ್ನು ಕೇಳದೆ ಹೋದರೆ ಏನಾಗುವದೆಂಬದಕ್ಕೆ ಆಫ್ರಿಕ ಖಂಡದ ರುವಾಂಡ ದೇಶವು ಒಂದು ಸಾಕ್ಷಿ. ಅದು ಬೆಟ್ಟಗಳಿಂದಲೂ ಹೊಲಗಳಿಂದಲೂ ತುಂಬಿದ ಚಿಕ್ಕ ದೇಶ. ಅಲ್ಲಿಯ ಜನರಲ್ಲಿ ಬಹುಪಾಲು ಕ್ರೈಸ್ತರೆನಿಸಿಕೊಂಡವರು. ಪ್ರತಿ ಬೆಟ್ಟದ ಬಳಿಯಲ್ಲಿಯೂ ಒಂದು ದೇವಾಲಯವೆಂಬಂತೆ ಸಭೆಗಳು ಹರಡಿದ್ದವು. ಹುಟು, ಟುಟ್ಸಿ ಎಂಬ ಎರಡು ಪಂಗಡದವರು ಒಂದೇ ಭಾಷೆಯನ್ನಾಡುತ್ತಾ, ಒಂದೇ ಊರಿನಲ್ಲಿ ಬಾಳುತ್ತಾ, ಒಂದೇ ದೇವಾಲಯದಲ್ಲಿ ಕೂತು ಹಾಡುತ್ತಿದ್ದರು.

1993ರಲ್ಲಿ ಅಲ್ಲಿ ಒಂದು ರೇಡಿಯೋ ಕೇಂದ್ರವು ಆರಂಭವಾಯಿತು. ಅದು ಹಾಡು ವಿನೋದಗಳ ನಡುವೆ ಟುಟ್ಸಿ ಜನರನ್ನು ಜಿರಲೆಗಳೆಂದು ಕರೆಯುತ್ತಾ, ಅವರು ನಿಮ್ಮನ್ನು ಕೊಲ್ಲಲು ಬರುತ್ತಾರೆಂದು ದಿನದಿನವೂ ಹೆದರಿಸುತ್ತಾ ಇತ್ತು. 1994ನೇ ಇಸವಿ ಏಪ್ರಿಲ್ 6ರಂದು ದೇಶದ ಅಧ್ಯಕ್ಷನಿದ್ದ ವಿಮಾನವನ್ನು ಹೊಡೆದುರುಳಿಸಲಾಗಿ, ಮರುದಿನದಿಂದಲೇ ಕೊಲೆಯು ಪ್ರಾರಂಭವಾಯಿತು. ಸುಮಾರು 100 ದಿನಗಳಲ್ಲಿ 8 ಲಕ್ಷದಷ್ಟು ಜನರು ಸತ್ತರೆಂದು ಲೆಕ್ಕ ಹಾಕಿದ್ದಾರೆ. ಕೊಂದವರಲ್ಲಿ ಸೈನಿಕರು ಮಾತ್ರವಲ್ಲದೆ ಮಚ್ಚು ಹಿಡಿದ ನೆರೆಮನೆಯವರೂ ಇದ್ದರು. ನ್ಯಾಮಾಟ, ನ್ಟರಾಮ ಎಂಬ ಊರುಗಳಲ್ಲಿ ಸಾವಿರಾರು ಮಂದಿ ದೇವಾಲಯದೊಳಗೆ ಹೋದರೆ ಪ್ರಾಣ ಉಳಿಯುವದೆಂದು ನಂಬಿ ಒಳಗೆ ಸೇರಿಕೊಂಡು, ಅಲ್ಲಿಯೇ ಹತರಾದರು. ಆ ಕಟ್ಟಡಗಳು ಈಗ ಸ್ಮಾರಕಗಳಾಗಿವೆ. ಮುಂದೆ ಅಂತರರಾಷ್ಟ್ರೀಯ ನ್ಯಾಯಾಲಯವು ಅಪರಾಧಿಗಳೆಂದು ತೀರ್ಮಾನಿಸಿದವರಲ್ಲಿ ಆ ರೇಡಿಯೋವನ್ನು ನಡಿಸಿದವರು ಮಾತ್ರವೇ ಅಲ್ಲ, ಒಬ್ಬ ಸಭಾಪಾಲಕನೂ ಒಬ್ಬ ಯಾಜಕನೂ ಸೇರಿದ್ದರು.

ಪ್ರಿಯರೇ, ಇದನ್ನು ಓದುವಾಗ ನಮ್ಮ ಮೈ ನಡುಗಬೇಕು. ಸ್ನಾನದೀಕ್ಷೆ ಹೊಂದಿದವರೂ ಕರ್ತನ ಭೋಜನದಲ್ಲಿ ಪಾಲುಗಾರರಾದವರೂ ಈ ಕೃತ್ಯವನ್ನು ಮಾಡಿದರು. ಅವರು ಒಂದೇ ದಿನದಲ್ಲಿ ಹಾಗಾದವರಲ್ಲ. ಮೊದಲು ಕಿವಿಯು ಕೆಟ್ಟಿತು, ಆಮೇಲೆ ನಾಲಿಗೆ ಕೆಟ್ಟಿತು, ಕಡೆಗೆ ಕೈ ಕೆಟ್ಟಿತು. ನೆರೆಯವನನ್ನು ಹುಳವೆಂದು ಕರೆಯುವ ಮಾತಿಗೆ ನಗುತ್ತಾ ಕೂತವನು ಅವನನ್ನು ತುಳಿಯುವ ದಾರಿಯಲ್ಲಿ ಆಗಲೇ ಅರ್ಧ ನಡೆದಿದ್ದಾನೆ. ಆದರೆ ಅದೇ ದೇಶದಲ್ಲಿ ತಮ್ಮ ಪ್ರಾಣವನ್ನು ಲಕ್ಷ್ಯಮಾಡದೆ ನೆರೆಯವರನ್ನು ಅಟ್ಟದ ಮೇಲೆಯೂ ಹೊಲದ ನಡುವೆಯೂ ಬಚ್ಚಿಟ್ಟು ಕಾಪಾಡಿದವರೂ ಇದ್ದರೆಂಬದನ್ನು ಮರೆಯಬಾರದು. ಅವರೂ ಅದೇ ರೇಡಿಯೋವನ್ನು ಕೇಳಿದವರೇ.

ಕರ್ತನ ಶಿಷ್ಯರಿಗೂ ಈ ರೋಗವು ತಗಲಿತ್ತು. ಸಮಾರ್ಯದ ಒಂದು ಹಳ್ಳಿಯವರು ತಮ್ಮ ಗುರುವಿಗೆ ಇಳುಕೊಳ್ಳಲು ಸ್ಥಳ ಕೊಡಲಿಲ್ಲವೆಂದು ತಿಳಿದ ಕೂಡಲೇ, ಆಕಾಶದಿಂದ ಬೆಂಕಿ ಬೀಳಿಸಿ ಅವರನ್ನು ಸುಡೋಣವೇ ಎಂದು ಯಾಕೋಬನೂ ಯೋಹಾನನೂ ಕೇಳಿದರು. ಕೆಲವರು ಬಾಗಿಲು ಮುಚ್ಚಿದ್ದಕ್ಕಾಗಿ ಹೆಂಗಸರು ಮಕ್ಕಳು ಸಹಿತವಾಗಿ ಊರನ್ನೇ ಸುಡಬೇಕೆಂಬ ಯೋಚನೆ ಅವರದು. ಕರ್ತನು ತಿರುಗಿಕೊಂಡು ಅವರನ್ನು ಗದರಿಸಿ, ಬೇರೆ ಹಳ್ಳಿಗೆ ನಡೆದನು. ಅದರ ಮುಂದಿನ ಅಧ್ಯಾಯದಲ್ಲಿಯೇ, ದಾರಿಯಲ್ಲಿ ಗಾಯಪಟ್ಟು ಬಿದ್ದವನನ್ನು ಕರುಣಿಸಿದ ಸಮಾರ್ಯದವನ ಸಾಮ್ಯವನ್ನು ಆತನು ಹೇಳಿದನು. ಶಿಷ್ಯರು ಯಾವ ಜನರನ್ನು ಸುಡಬೇಕೆಂದಿದ್ದರೋ, ಆ ಜನರಲ್ಲಿಯೇ ಒಬ್ಬನನ್ನು ಆರಿಸಿ ಕರುಣೆಯ ಮಾದರಿಯಾಗಿ ನಿಲ್ಲಿಸಿದನು.

3. ಸುದ್ದಿಯು ಭಯವಾಗಿ ಮಾರ್ಪಟ್ಟಾಗ

ರುವಾಂಡವು ದೂರದ ದೇಶವೆಂದು ನೀವು ಹೇಳಬಹುದು. ಆದಕಾರಣ ನಮ್ಮ ಕನ್ನಡನಾಡಿನಲ್ಲಿಯೇ ನಡೆದ ಒಂದು ಸಂಗತಿಯನ್ನು ನೋಡೋಣ. 2018ರಲ್ಲಿ ಮಕ್ಕಳ ಕಳ್ಳರು ಊರೂರು ತಿರುಗುತ್ತಿದ್ದಾರೆಂಬ ಸುಳ್ಳು ಸುದ್ದಿಯು ವಾಟ್ಸಾಪಿನ ಮೂಲಕ ಅನೇಕ ರಾಜ್ಯಗಳಲ್ಲಿ ಹರಡಿತು. ಆ ವರುಷದ ಜುಲೈ 13ರಂದು ಹೈದರಾಬಾದಿನ ಕಡೆಯಿಂದ ಕೆಲವು ಯುವಕರು ಬೀದರ ಜಿಲ್ಲೆಯ ಔರಾದ ತಾಲೂಕಿಗೆ ಪರಿಚಯದವರನ್ನು ಕಾಣಲು ಬಂದಿದ್ದರು. ದಾರಿಯಲ್ಲಿ ಕಂಡ ಶಾಲೆಯ ಮಕ್ಕಳಿಗೆ ಅವರು ಚಾಕೊಲೇಟು ಕೊಟ್ಟರು. ಅದನ್ನು ಕಂಡವರಿಗೆ ಮೊಬೈಲಿನಲ್ಲಿ ಬಂದಿದ್ದ ಸುದ್ದಿಯ ನೆನಪು ಬಂದಿತು. ಇವರೇ ಆ ಕಳ್ಳರೆಂದು ಕೂಗೆದ್ದಿತು. ಯುವಕರು ಗಾಬರಿಯಿಂದ ಕಾರಿನಲ್ಲಿ ಹೊರಟುಹೋದರು. ಅವರಿಗಿಂತ ವೇಗವಾಗಿ ಸುದ್ದಿಯು ಮುಂದಿನ ಊರಾದ ಮುರ್ಕಿಗೆ ತಲಪಿತು. ಅಲ್ಲಿ ದಾರಿಗೆ ಅಡ್ಡಗಟ್ಟಿದ್ದರು. ಕಾರು ಹಳ್ಳಕ್ಕೆ ಬಿತ್ತು. ಜನರ ಗುಂಪು ಕೂಡಿ ಅವರನ್ನು ಹೊಡೆಯಿತು. ಕಾಪಾಡಲು ಹೋದ ಪೊಲೀಸರಿಗೂ ಪೆಟ್ಟು ಬಿದ್ದಿತು. ಒಬ್ಬ ಯುವಕನು ಸತ್ತನು, ಅವನ ಸಂಗಡಿಗರು ಬಹಳವಾಗಿ ಗಾಯಪಟ್ಟರು.

ಹೊಡೆದವರು ಯಾರು? ಕಳ್ಳರೋ ದರೋಡೆಗಾರರೋ ಅಲ್ಲ. ನಮ್ಮ ನಿಮ್ಮಂತೆ ಹಳ್ಳಿಯವರು. ತಮ್ಮ ಮಕ್ಕಳ ಮೇಲಿನ ಪ್ರೀತಿಯೇ ಅವರನ್ನು ಭಯಕ್ಕೆ ನಡಿಸಿತು, ಭಯವು ವಿಚಾರವನ್ನು ಕುರುಡುಮಾಡಿತು. ಮಕ್ಕಳನ್ನು ಕಾಯಬೇಕೆಂದು ಹೊರಟವರು ಒಬ್ಬ ತಾಯಿಯ ಮಗನನ್ನು ಕೊಂದರು. ಇಂಥ ಸಂಗತಿಗಳ ಬಳಿಕ ಅದೇ ತಿಂಗಳಿನಲ್ಲಿ ವಾಟ್ಸಾಪ್ ಕಂಪೆನಿಯು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಂದೇ ಸಾರಿಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿಯನ್ನು ಇಡುವದಾಗಿ ಪ್ರಕಟಿಸಿತು. ಆದರೆ ಕಂಪೆನಿಯು ಇಟ್ಟ ಮಿತಿಗಿಂತ ಬಹು ಪೂರ್ವದಲ್ಲಿಯೇ ದೇವರು ಇಟ್ಟ ಮಿತಿಯೊಂದು ಇರುವದು. ವಿಮೋಚನಕಾಂಡದ 23ನೇ ಅಧ್ಯಾಯದ ಮೊದಲಿನ ಎರಡು ವಚನಗಳನ್ನು ತೆಗೆದು ನೋಡಿರಿ. ಸುಳ್ಳು ಸುದ್ದಿಯನ್ನು ಹಬ್ಬಿಸುವದನ್ನು ಮೊದಲನೆಯದೂ, ಗುಂಪಿನ ಹಿಂದೆ ಹೋಗಿ ಕೆಟ್ಟದ್ದನ್ನು ಮಾಡುವದನ್ನು ಎರಡನೆಯದೂ ನಿಷೇಧಿಸುತ್ತವೆ. ಇವೆರಡೂ ಒಂದರ ಪಕ್ಕದಲ್ಲಿ ಒಂದು ಇರುವದು ಎಷ್ಟು ಯುಕ್ತವಾಗಿದೆಯೆಂಬದು ಮುರ್ಕಿಯ ಸಂಗತಿಯಿಂದ ತಿಳಿದುಬರುವದು.

4. ಹೃದಯವು ಮರಗಟ್ಟಿದಾಗ

ದ್ವೇಷವೂ ಬೇಡ, ಭಯವೂ ಬೇಡವೆಂದು ಹೇಳುವವನು ಮೂರನೆಯ ರೋಗಕ್ಕೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಯಾಜಕನೂ ಲೇವಿಯನೂ ಗಾಯಪಟ್ಟವನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಅವರು ಅವನನ್ನು ಕಂಡರು, ಓರೆಯಾಗಿ ದಾಟಿಹೋದರು. ಕಣ್ಣು ನೋಡಿತು, ಕಾಲು ನಡೆಯಿತು, ಹೃದಯವು ಮಾತ್ರ ಅಲುಗಲಿಲ್ಲ. ನಾವು ಒಂದೊಂದು ಚಿತ್ರವನ್ನೂ ಬೆರಳಿನಿಂದ ಮೇಲಕ್ಕೆ ತಳ್ಳಿ ಮುಂದಿನದಕ್ಕೆ ಹೋಗುವಾಗ ಅದೇ ದಾರಿಯಲ್ಲಿ ಅದೇ ರೀತಿಯಾಗಿ ನಡೆಯುತ್ತೇವೆ.

ನೆಹೆಮೀಯನು ಹಾಗೆ ಮಾಡಲಿಲ್ಲ. ಅವನು ಶೂಷನ್ ಕೋಟೆಯಲ್ಲಿ ಅರಸನ ಪಾನಸೇವಕನಾಗಿ ಸುಖವಾಗಿದ್ದವನು. ಕಿಸ್ಲೇವ್ ತಿಂಗಳಲ್ಲಿ ಅವನ ಸಹೋದರನಾದ ಹನಾನಿಯು ಬಂದಾಗ, ಯೆರೂಸಲೇಮಿನವರ ಕ್ಷೇಮವನ್ನು ಅವನೇ ವಿಚಾರಿಸಿದನು. ಗೋಡೆ ಕೆಡವಲ್ಪಟ್ಟಿದೆ, ಬಾಗಿಲುಗಳು ಸುಟ್ಟುಹೋಗಿವೆ, ಉಳಿದ ಜನರು ಮಹಾಸಂಕಟದಲ್ಲಿದ್ದಾರೆಂಬ ಸುದ್ದಿ ತಿಳಿಯಿತು. ಆಗ ಅವನು ಮಾಡಿದ್ದನ್ನು ಕ್ರಮವಾಗಿ ಗಮನಿಸಿರಿ. ಮೊದಲು ಕೂತುಕೊಂಡನು, ಅತ್ತನು, ಕೆಲವು ದಿನ ದುಃಖಿಸಿ ಉಪವಾಸಮಾಡಿದನು. ಎರಡನೆಯದಾಗಿ, ಪ್ರಾರ್ಥಿಸಿದನು, ಪ್ರಾರ್ಥನೆಯಲ್ಲಿ ಕೆಡವಿದವರ ಪಾಪವನ್ನು ಎಣಿಸದೆ ತನ್ನ ಪಾಪವನ್ನೂ ತನ್ನ ಮನೆತನದ ಪಾಪವನ್ನೂ ಅರಿಕೆಮಾಡಿದನು. ಮೂರನೆಯದಾಗಿ, ನಾಲ್ಕು ತಿಂಗಳಾದ ಮೇಲೆ, ನೀಸಾನ್ ತಿಂಗಳಲ್ಲಿ ಸಮಯ ಒದಗಿದಾಗ, ಅರಸನ ಮುಂದೆ ಬಾಯಿತೆರೆದು ತನ್ನನ್ನೇ ಕಳುಹಿಸಬೇಕೆಂದು ಬೇಡಿಕೊಂಡನು. ಕಡೆಗೆ 52 ದಿನಗಳಲ್ಲಿ ಗೋಡೆಯು ಮುಗಿಯಿತು.

ಸುದ್ದಿಯು ಕಣ್ಣೀರಾಗಬೇಕು, ಕಣ್ಣೀರು ಪ್ರಾರ್ಥನೆಯಾಗಬೇಕು, ಪ್ರಾರ್ಥನೆಯು ಕೆಲಸವಾಗಬೇಕು. ಇದೇ ನೆಹೆಮೀಯನ ಮಾರ್ಗ. ಎಲ್ಲಾ ಸುದ್ದಿಗಳಿಗಾಗಿ ಅಳುವ ಶಕ್ತಿ ಮನುಷ್ಯನಿಗಿಲ್ಲ. ಆ ಭಾರವನ್ನು ಹೊರುವವನು ದೇವರೊಬ್ಬನೇ. ನೆಹೆಮೀಯನೂ ಲೋಕದ ಎಲ್ಲಾ ಪಟ್ಟಣಗಳ ಗೋಡೆಗಳನ್ನು ಕಟ್ಟಲಿಲ್ಲ. ನೂರು ಸುದ್ದಿಗಳನ್ನು ನೋಡಿ ಒಂದಕ್ಕೂ ಮರುಗದಿರುವದಕ್ಕಿಂತ, ಒಂದು ಸುದ್ದಿಯ ಮುಂದೆ ಕೂತು ನಿಜವಾಗಿ ಪ್ರಾರ್ಥಿಸುವದು ಮೇಲು.

5. ಮನೋಹರಪುರದ ರಾತ್ರಿಯೂ ಬಾರಿಪದದ ಹಗಲುಗಳೂ

ಸುದ್ದಿಯು ಹೊರಗಿನಿಂದ ಬಾರದೆ ನಮ್ಮ ಮನೆಯ ಮೇಲೆಯೇ ಬಿದ್ದರೆ ಏನು ಮಾಡಬೇಕು? ಆಸ್ಟ್ರೇಲಿಯ ದೇಶದವರಾದ ಗ್ರಹಾಂ ಸ್ಟೇನ್ಸ್ ಎಂಬವರು 1965ರಲ್ಲಿ ಒಡಿಶಾದ ಮಯೂರಭಂಜ ಸೀಮೆಗೆ ಬಂದು, ಬಾರಿಪದ ಊರಿನಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿ ಅನೇಕ ವರುಷಗಳನ್ನು ಕಳೆದರು. 1999ನೇ ಇಸವಿ ಜನವರಿ 22ರ ರಾತ್ರಿ ಅವರು ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ಕೆಂದುಝರ್ ಜಿಲ್ಲೆಯ ಮನೋಹರಪುರವೆಂಬ ಹಳ್ಳಿಯಲ್ಲಿ ತಮ್ಮ ಬಂಡಿಯೊಳಗೆ ಮಲಗಿದ್ದರು. ನಡುರಾತ್ರಿ ಕಳೆದ ಮೇಲೆ ಒಂದು ಗುಂಪು ಬಂದು ಬಂಡಿಗೆ ಬೆಂಕಿಯಿಟ್ಟಿತು. ತಂದೆಯೂ, 10 ವರುಷದ ಫಿಲಿಪ್ಪನೂ, 6 ವರುಷದ ತಿಮೊಥೆಯೂ ಅದರಲ್ಲಿಯೇ ಬೆಂದುಹೋದರು.

ಬಾರಿಪದದಲ್ಲಿ ಅವರ ಹೆಂಡತಿಯಾದ ಗ್ಲಾಡಿಸ್ ಅಮ್ಮನವರೂ ಮಗಳಾದ ಎಸ್ತೇರಳೂ ಉಳಿದರು. ಆ ತಾಯಿಯು ಕೊಂದವರನ್ನು ಕ್ಷಮಿಸಿದ್ದೇನೆಂದು ಎಲ್ಲರೂ ಕೇಳುವಂತೆ ಹೇಳಿದರು. ಹೇಳಿ ತಾಯ್ನಾಡಿಗೆ ಓಡಿಹೋಗಲಿಲ್ಲ. ಕುಷ್ಠರೋಗಿಗಳ ನಡುವೆ ಅದೇ ಕೆಲಸವನ್ನು 2004ರ ವರೆಗೂ ನಡಿಸಿದರು. ಅದೇ ವರುಷದಲ್ಲಿ ಬಾರಿಪದದಲ್ಲಿ ಅವರ ಗಂಡನ ಹೆಸರಿನ ಆಸ್ಪತ್ರೆಯೊಂದು ಪ್ರಾರಂಭವಾಯಿತು. 2005ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟಿತು. ಕ್ಷಮೆಯೆಂಬದು ಬಾಯಿಮಾತಲ್ಲವೆಂಬದಕ್ಕೆ ಆ ಐದು ವರುಷಗಳ ಹಗಲುಗಳೇ ಸಾಕ್ಷಿ. ಗಾಯ ಕಟ್ಟುವದು, ಔಷಧ ಕೊಡುವದು, ಗಂಡನು ಬಿಟ್ಟುಹೋದ ಲೆಕ್ಕಪುಸ್ತಕವನ್ನು ಮುಂದುವರಿಸುವಂಥ ದಿನದ ಕೆಲಸಗಳಲ್ಲಿಯೇ ಕ್ಷಮೆಗೆ ಕೈಕಾಲು ಬರುವದು.

ಇಲ್ಲಿ ಒಂದು ಸಂದೇಹ ಹುಟ್ಟಬಹುದು: ವಿಶ್ವಾಸಿಯು ಕ್ಷಮಿಸಿದರೆ ಕೊಲೆಗಾರನನ್ನು ಸುಮ್ಮನೆ ಬಿಟ್ಟುಬಿಡಬೇಕೋ? ಹಾಗಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯದಲ್ಲಿ ಪೌಲನು ಮುಯ್ಯಿ ತೀರಿಸುವದನ್ನು ದೇವರಿಗೆ ಬಿಡಬೇಕೆಂದು ಕಲಿಸಿ, 13ನೇ ಅಧ್ಯಾಯದಲ್ಲಿ ಕೆಟ್ಟದ್ದನ್ನು ಮಾಡುವವನನ್ನು ದಂಡಿಸುವದಕ್ಕೆ ಅಧಿಕಾರಿಯು ನೇಮಕವಾಗಿದ್ದಾನೆಂದು ತಿಳಿಸುತ್ತಾನೆ. ಮನೋಹರಪುರದ ಸಂಗತಿಯಲ್ಲಿಯೂ ನ್ಯಾಯಾಲಯವು ತನ್ನ ಕೆಲಸವನ್ನು ಮಾಡಿತು. 2003ರಲ್ಲಿ ಅಪರಾಧಿಗಳಿಗೆ ಶಿಕ್ಷೆಯಾಯಿತು. ಮುಖ್ಯ ಅಪರಾಧಿಗೆ ವಿಧಿಸಿದ್ದ ಮರಣದಂಡನೆಯನ್ನು 2005ರಲ್ಲಿ ಉಚ್ಚ ನ್ಯಾಯಾಲಯವು ಜೀವಾವಧಿ ಶಿಕ್ಷೆಗೆ ಇಳಿಸಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಸ್ಥಿರಪಡಿಸಿತು. ಆದಕಾರಣ ಅನ್ಯಾಯವಾದಲ್ಲಿ ಠಾಣೆಗೆ ದೂರು ಕೊಡುವದೂ, ಸಾಕ್ಷಿ ಹೇಳುವದೂ, ನ್ಯಾಯವನ್ನು ಕೇಳುವದೂ ವಿಶ್ವಾಸಕ್ಕೆ ವಿರೋಧವಲ್ಲ. ಹಗೆಯನ್ನು ಮನಸ್ಸಿನಲ್ಲಿ ಸಾಕಿಕೊಳ್ಳುವದು ವಿಶ್ವಾಸಕ್ಕೆ ವಿರೋಧ. ಬಾಧೆಪಟ್ಟವನ ಮೇಲೆ ಬೇರೆಯವರು ಕ್ಷಮೆಯನ್ನು ಹೇರುವದೂ ಸರಿಯಲ್ಲ. ಅಳುವವರ ಬಳಿಯಲ್ಲಿ ಮೊದಲು ಅಳತಕ್ಕದ್ದು.

6. ಇನ್ನೂ ಒಂದು ವರುಷ

ಈಗ ನಮ್ಮ ಪಾಠಭಾಗಕ್ಕೆ ತಿರುಗಿ ಬರೋಣ. ಗಲಿಲಾಯದವರ ಸುದ್ದಿಗೆ ಉತ್ತರ ಕೊಟ್ಟ ತರುವಾಯ ಕರ್ತನು ಒಂದು ಸಾಮ್ಯವನ್ನು ಹೇಳಿದನು. ದ್ರಾಕ್ಷೇತೋಟದಲ್ಲಿ ಒಂದು ಅಂಜೂರದ ಗಿಡವಿತ್ತು. ಯಜಮಾನನು ಮೂರು ವರುಷ ಬಂದು ಹಣ್ಣನ್ನು ಹುಡುಕಿದರೂ ಸಿಗಲಿಲ್ಲ. ಕಡಿದುಹಾಕೆಂದು ಅವನು ಹೇಳಿದಾಗ ತೋಟಗಾರನು, ಇನ್ನೂ ಒಂದು ವರುಷ ಬಿಡಬೇಕು, ಸುತ್ತಲೂ ಅಗೆದು ಗೊಬ್ಬರ ಹಾಕುತ್ತೇನೆಂದು ಬೇಡಿಕೊಂಡನು.

ಒಕ್ಕಲುಮಕ್ಕಳಾದ ನಿಮಗೆ ಇದರ ಅರ್ಥವನ್ನು ಹೆಚ್ಚಾಗಿ ಬಿಡಿಸಿ ಹೇಳಬೇಕಾದದ್ದಿಲ್ಲ. ಬೇರಿನ ಸುತ್ತ ಮಣ್ಣು ಗಟ್ಟಿಯಾದರೆ ಮಳೆಯು ಸುರಿದರೂ ನೀರು ಒಳಗೆ ಇಳಿಯುವದಿಲ್ಲ, ಮೇಲೆಯೇ ಹರಿದುಹೋಗುವದು. ಕೆಟ್ಟ ಸುದ್ದಿಗಳು ದಿನವೂ ತುಳಿದು ತುಳಿದು ನಮ್ಮ ಹೃದಯದ ಮಣ್ಣನ್ನು ಗಟ್ಟಿಮಾಡಿವೆ. ಹಿಂಸೆಯ ಲೋಕದಲ್ಲಿ ನಾವು ಇನ್ನೂ ಬದುಕಿರುವದು ನಾವು ಸತ್ತವರಿಗಿಂತ ಒಳ್ಳೆಯವರೆಂಬದರಿಂದಲ್ಲ. ಹಣ್ಣು ಕೊಡಲಿ ಎಂದು ನಮಗೆ ಇನ್ನೂ ಒಂದು ವರುಷ ಕೊಡಲ್ಪಟ್ಟಿರುವದರಿಂದಲೇ. ಆ ಹಣ್ಣು ಯಾವದು? ನೆರೆಯವನಿಗೆ ತೋರಿಸುವ ಕರುಣೆಯೇ. ಆದದರಿಂದ ಪ್ರತಿಯೊಂದು ಮನೆಯಲ್ಲಿಯೂ ಸಭೆಯಲ್ಲಿಯೂ ಈ ಕೆಳಗಿನ ಅಭ್ಯಾಸಗಳನ್ನು ಮಾಡಿಕೊಳ್ಳುವದು ಒಳ್ಳೆಯದು.

ಮೊದಲನೆಯದಾಗಿ, ಸುದ್ದಿ ಕೇಳುವದಕ್ಕೆ ಒಂದು ಹೊತ್ತನ್ನು ಗೊತ್ತುಮಾಡಿರಿ. ಎದ್ದ ಕೂಡಲೇ ಮೊಬೈಲನ್ನು ತೆಗೆಯದೆ ಮೊದಲು ದೇವರ ವಾಕ್ಯವನ್ನು ತೆಗೆಯಿರಿ. ಮಲಗುವ ಮುಂಚೆ ಕಡೆಯದಾಗಿ ಕಣ್ಣಿಗೆ ಬೀಳುವದು ರಕ್ತದ ಚಿತ್ರವಾಗಿರಬಾರದು.

ಎರಡನೆಯದಾಗಿ, ಸತ್ಯವೆಂದು ನಿಶ್ಚಯವಾಗದ ಯಾವ ಸುದ್ದಿಯನ್ನೂ ಇನ್ನೊಬ್ಬರಿಗೆ ದಾಟಿಸಬೇಡಿರಿ. ಸತ್ತವರ ಶರೀರದ ಚಿತ್ರವನ್ನು ಎಂದಿಗೂ ದಾಟಿಸಬೇಡಿರಿ. ಆ ಶರೀರವು ನಿಮ್ಮ ತಮ್ಮನದೋ ಮಗಳದೋ ಆಗಿದ್ದರೆ ಊರೆಲ್ಲಾ ಅದನ್ನು ನೋಡಲೆಂದು ಬಯಸುವಿರೋ?

ಮೂರನೆಯದಾಗಿ, ಕೆಟ್ಟದ್ದನ್ನು ಮಾಡಿದವನ ಹೆಸರನ್ನು ಹೇಳಬೇಕಾದರೆ ಹೇಳಿರಿ. ಅವನ ಜಾತಿಯವರೆಲ್ಲರೂ ಹಾಗೆಯೇ ಎಂದು ಹೇಳಬೇಡಿರಿ. ನಿಮ್ಮ ಎದುರಿನಲ್ಲಿ ಬೇರೆಯವರು ಹಾಗೆ ಹೇಳಿದಾಗ ನಗುತ್ತಾ ಕೂತಿರಬೇಡಿರಿ. ಚಹದ ಅಂಗಡಿಯಲ್ಲಿ ಒಬ್ಬನು ವಿನಯವಾಗಿ, ಅಣ್ಣಾ, ನಮ್ಮ ಊರಿನ ಆ ಜನರು ನಮಗೆ ಏನು ಕೆಟ್ಟದ್ದು ಮಾಡಿದ್ದಾರೆ ಎಂದು ಕೇಳಿದರೆ, ಅದು ಬೆಂಕಿಯ ಮೇಲೆ ಸುರಿದ ಒಂದು ಕೊಡ ನೀರಿನಂತಾಗುವದು.

ನಾಲ್ಕನೆಯದಾಗಿ, ಭಾನುವಾರದ ವಿಜ್ಞಾಪನ ಪ್ರಾರ್ಥನೆಯಲ್ಲಿ ನಾವು ಯಾರ ದುಃಖವನ್ನು ಹೆಸರಿಸುತ್ತೇವೆ, ಯಾರದನ್ನು ಬಿಡುತ್ತೇವೆಂದು ಸಭೆಯ ಹಿರಿಯರು ವಿಚಾರಿಸಲಿ. ಕ್ರೈಸ್ತರ ಮೇಲೆ ಹಿಂಸೆಯಾದಾಗ ಮಾತ್ರ ನಾವು ಮೊಣಕಾಲೂರಿ, ಮುಸಲ್ಮಾನರ ಮೇಲೆಯೋ ಹಿಂದೂಗಳ ಮೇಲೆಯೋ ಆದಾಗ ಸುಮ್ಮನಿದ್ದರೆ, ನಾವು ಗಲಿಲಾಯದವರ ಸುದ್ದಿಯನ್ನು ಮಾತ್ರ ತಂದವರಂತೆ ಆಗುವೆವು. ಕರ್ತನು ಅವರಿಗೆ ಸಿಲೋವದ 18 ಮಂದಿಯನ್ನು ನೆನಪಿಗೆ ತಂದನು. ನಮಗೂ ತರುವನು.

ಐದನೆಯದಾಗಿ, ಮನಸ್ಸನ್ನು ಕಲಕಿದ ಸುದ್ದಿ ಬಂದ ದಿನ ಕೈಯಿಂದ ಒಂದು ಕೆಲಸವನ್ನು ಮಾಡಿರಿ. ಯಾವ ಪಂಗಡದವರ ಮೇಲೆ ಜನರು ಸಿಟ್ಟಾಗಿದ್ದಾರೋ ಆ ಪಂಗಡದ ಒಂದು ಮನೆ ನಿಮ್ಮ ಊರಿನಲ್ಲಿದ್ದರೆ, ಅಲ್ಲಿಗೆ ಹೋಗಿ ಅವರ ಕ್ಷೇಮವನ್ನು ವಿಚಾರಿಸಿ ಬನ್ನಿರಿ. ಅಂಥ ದಿನದಲ್ಲಿ ಬಾಗಿಲಲ್ಲಿ ನಿಂತು, ಅಕ್ಕಾ, ಹೇಗಿದ್ದೀರಿ ಎಂದು ಕೇಳುವ ಒಂದು ಧ್ವನಿಯು ಆ ಮನೆಯವರಿಗೆ ಎಷ್ಟು ಬೆಲೆಯುಳ್ಳದ್ದೆಂಬದು ಭಯದಲ್ಲಿ ಬಾಳಿದವರಿಗೇ ತಿಳಿದಿದೆ. ನಮ್ಮ ಸಭೆಗಳಲ್ಲಿ ಅನೇಕರಿಗೆ ಅದು ತಿಳಿದಿದೆ.

ಆರನೆಯದಾಗಿ, ಮಕ್ಕಳು ಕೇಳಿದ ಪ್ರಶ್ನೆಗಳನ್ನು ಗದರಿಸಿ ಅಡಗಿಸಬೇಡಿರಿ. ನಡೆದದ್ದನ್ನು ಅವರ ವಯಸ್ಸಿಗೆ ತಕ್ಕಂತೆ ಸುಳ್ಳಿಲ್ಲದೆ ಹೇಳಿ, ಸಂಕಟಪಡುವವರಿಗೋಸ್ಕರ ಅವರಿಂದಲೇ ಒಂದು ಚಿಕ್ಕ ಪ್ರಾರ್ಥನೆಯನ್ನು ಮಾಡಿಸಿರಿ. ಭಯದಲ್ಲಿರುವ ಮಗುವಿಗೂ ಪ್ರಾರ್ಥನೆಯು ಒಂದು ಕೆಲಸವನ್ನು ಕೊಡುವದು.

ಪ್ರಿಯರೇ, 112ನೇ ಕೀರ್ತನೆಯು ಕೆಟ್ಟ ಸುದ್ದಿಗೆ ಅಂಜದ ಮನುಷ್ಯನನ್ನು ವರ್ಣಿಸುವದು. ಅವನು ಯಾಕೆ ಅಂಜುವದಿಲ್ಲ? ಕೆಟ್ಟದ್ದು ಅವನಿಗೆ ಬಾರದೆಂಬದರಿಂದಲ್ಲ, ಅವನ ಹೃದಯವು ಕರ್ತನಲ್ಲಿ ನೆಲೆಗೊಂಡಿರುವದರಿಂದಲೇ. ಅದೇ ಕೀರ್ತನೆಯಲ್ಲಿ ಅವನು ದಯಾಳುವೆಂದೂ ಬಡವರಿಗೆ ಧಾರಾಳವಾಗಿ ಕೊಡುವವನೆಂದೂ ಕಾಣುತ್ತೇವೆ. ಧೈರ್ಯವೂ ದಯೆಯೂ ಅವನಲ್ಲಿ ಒಂದೇ ಬೇರಿನಿಂದ ಬೆಳೆದವು. ಪಿಲಾತನ ಕೈಯಿಂದ ಹತರಾದ ಗಲಿಲಾಯದವರ ಸುದ್ದಿಯನ್ನು ಕೇಳಿದ ನಮ್ಮ ಕರ್ತನು, ಮುಂದೆ ಅದೇ ಪಿಲಾತನ ಅಪ್ಪಣೆಯಿಂದ ತಾನೂ ಶಿಲುಬೆಗೆ ಹೋದನು. ಅಲ್ಲಿಯೂ ಕೊಲ್ಲುವವರಿಗಾಗಿ ಕ್ಷಮೆಯನ್ನು ಬೇಡಿದನು. ಹಿಂಸೆಯ ಸುದ್ದಿಯನ್ನು ಆತನ ಬಳಿಗೆ ತರುವವನು, ಅದನ್ನು ಪೂರ್ತಿಯಾಗಿ ಬಲ್ಲವನ ಬಳಿಗೇ ತರುತ್ತಾನೆ.

ವಿಚಾರಿಸತಕ್ಕ ಪ್ರಶ್ನೆಗಳು

1. ಗಲಿಲಾಯದವರ ಸುದ್ದಿ ತಂದವರಿಗೆ ಕರ್ತನು ಸಿಲೋವದ ಬುರುಜಿನ ಸಂಗತಿಯನ್ನು ಯಾಕೆ ಹೇಳಿದನು?
2. ದ್ವೇಷ, ಭಯ, ಜಡತ್ವ ಎಂಬ ಮೂರರಲ್ಲಿ ನಿಮ್ಮ ಮನೆಯವರಿಗೆ ಹೆಚ್ಚಾಗಿ ತಗಲುವದು ಯಾವದು?
3. ಸುದ್ದಿ ಕೇಳಿದ ನೆಹೆಮೀಯನು ಕ್ರಮವಾಗಿ ಏನೇನು ಮಾಡಿದನು?
4. ಕ್ಷಮಿಸುವದಕ್ಕೂ ನ್ಯಾಯ ಕೇಳುವದಕ್ಕೂ ಇರುವ ಸಂಬಂಧವನ್ನು ರೋಮಾಪುರದವರಿಗೆ ಬರೆದ ಪತ್ರಿಕೆಯ 12 ಮತ್ತು 13ನೇ ಅಧ್ಯಾಯಗಳಿಂದ ವಿವರಿಸಿರಿ.
5. ಈ ವಾರ ನೀವು ಕ್ಷೇಮ ವಿಚಾರಿಸಬೇಕಾದ ಮನೆ ಯಾವದು? ಯಾವ ದಿನ ಹೋಗುವಿರಿ?